ಟವೆಲ್ಲು ಬೀಸಿದ ಹೆಂಗಸು

ಸಲೀನಾ, ಕ್ಯಾನ್ಸಸ್
ಮೇ 16, 1996

ಪ್ರೀತಿಯ ಗ್ವೆನ್ ಅಕ್ಕ,

ಮದುವೆಯಾಗಿ ಇಂದಿಗೆ ಹತ್ತೊಂಬತ್ತು ದಿನ. ಎಣಿಸುತ್ತಾ ಕೂತಿದ್ದಾಳೆ ಎಂದು ನಗಬೇಡ, ನೀನೂ ಎಣಿಸಿದ್ದೀಯ, ಅಮ್ಮ ಹೇಳಿದ್ದಾಳೆ. ಕರ್ಟಿಸ್ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಬ್ರೆಡ್ಡು ಸುಡುತ್ತಾನೆ. ಕರಕಲನ್ನು ಚಾಕುವಿನಿಂದ ಕೆರೆದು, ಏನೂ ಆಗೇ ಇಲ್ಲವೆಂಬಂತೆ ನನ್ನ ಮುಂದಿಡುತ್ತಾನೆ. ನಾನು ಅದನ್ನೇ ಜಗತ್ತಿನ ಅತಿ ರುಚಿಯಾದ ತಿಂಡಿ ಎಂದು ತಿನ್ನುತ್ತೇನೆ. ಇಷ್ಟು ಸುಖಕ್ಕೆ ನಾನು ಏನು ಪುಣ್ಯ ಮಾಡಿದ್ದೆ ಎಂದು ಗೊತ್ತಾಗುತ್ತಿಲ್ಲ.

ಮಧುಚಂದ್ರಕ್ಕೆ ಸಮುದ್ರದ ಕಡೆ ಹೋಗುವುದೆಂದು ಮಾತಾಗಿತ್ತಲ್ಲ, ಅದನ್ನು ನಾನೇ ರದ್ದು ಮಾಡಿದೆ. ಮೇ ತಿಂಗಳಲ್ಲಿ ಕರ್ಟಿಸ್‌ನನ್ನು ಸಮುದ್ರಕ್ಕೆ ಕರೆದುಕೊಂಡು ಹೋದರೆ ಅವನು ನೀರಿನ ಕಡೆ ಬೆನ್ನು ಹಾಕಿ ಆಕಾಶ ನೋಡುತ್ತಾ ಕೂರುತ್ತಾನೆ. ಆರು ವಸಂತಗಳಿಂದ ಸುಂಟರಗಾಳಿಯ ಬೆನ್ನು ಹತ್ತಿದವನು. ಇಷ್ಟು ದಿನ ಅವನ ಸ್ನೇಹಿತ ಕ್ಯಾಮೆರಾ ಹಿಡಿಯುತ್ತಿದ್ದ, ಈಗ ಆ ಕೆಲಸ ನನ್ನದು. ಕ್ಯಾಮೆರಾ ಹಿಡಿಯುವುದು, ನಕ್ಷೆ ನೋಡುವುದು, ಅವನ ಬಾಯಿಗೆ ಚಿಪ್ಸ್ ಹಾಕುವುದು.

ಮೊನ್ನೆ ಮಂಗಳವಾರ ನಮಗೆ ಅದು ಸಿಕ್ಕಿತು. ಲಿಂಡನ್‌ಟಾಲ್ ಎಂಬ ಹಳ್ಳಿಯ ಹತ್ತಿರ. ಮೋಡದ ಹೊಟ್ಟೆಯಿಂದ ಬೆರಳಿನಂಥದೊಂದು ಇಳಿಯಿತು, ಮೊದಲು ಬಿಳಿ, ಆಮೇಲೆ ಹೊಲದ ಮಣ್ಣು ಕುಡಿದು ಇಟ್ಟಿಗೆ ಬಣ್ಣ. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು ಕಿರುಚಿದೆ, ಹೆದರಿಕೆಗಲ್ಲ. ಇಷ್ಟು ಚಂದದ್ದನ್ನು ಇಷ್ಟು ಹತ್ತಿರದಿಂದ, ಗಂಡನ ಪಕ್ಕ ಕೂತು ನೋಡುತ್ತಿದ್ದೇನಲ್ಲ ಎಂದು.

ಒಂದು ತಮಾಷೆ ಹೇಳಲೇಬೇಕು. ಎದುರಿಗೆ ಬಂದ ಟ್ರಕ್ಕಿನವನು ಸ್ಟೀರಿಂಗಿನಿಂದ ಬೆರಳೆತ್ತಿದ. ಕರ್ಟಿಸ್ ಡೆನ್ವರಿನವನು ನೋಡು, ಅವನಿಗೆ ಅರ್ಥವಾಗಲಿಲ್ಲ.

"ಯಾರವನು? ನಿಮ್ಮ ನೆಂಟನಾ?"

"ಅಲ್ಲ."

"ಮತ್ಯಾಕೆ ಕೈ ಎತ್ತಿದ?"

"ನೀನು ಎದುರಿಗೆ ಬಂದ್ಯಲ್ಲ, ಅದಕ್ಕೆ. ನೀನೂ ಎತ್ತು ಮಾರಾಯ. ಇಲ್ಲಾಂದ್ರೆ ಜೋಲೀನ್‌ಗೆ ಸಿಕ್ಕಿರೋ ಗಂಡ ಸೊಕ್ಕಿನವನು ಅಂತ ಸಂಜೆಯೊಳಗೆ ಜಿಲ್ಲೆಗೆಲ್ಲ ಗೊತ್ತಾಗತ್ತೆ."

ಅಲ್ಲಿಂದ ಮುಂದೆ ಪಾಪ, ಹಸುಗಳಿಗೂ ಬೆರಳೆತ್ತಿದ. ಆಮೇಲೆ ಒಬ್ಬ ಹೆಂಗಸು, ಸುಂಟರಗಾಳಿ ಅವಳ ಮನೆಯ ಮುಂದೆಯೇ ಹಾದುಹೋಗಿತ್ತು, ಆದರೂ ರಸ್ತೆಗೆ ಬಂದು ಪಾತ್ರೆ ಒರೆಸುವ ಟವೆಲ್ಲು ಬೀಸುತ್ತಿದ್ದಳು. ನಮ್ಮ ಕಡೆಯ ಜನವೆಂದರೆ ಜನ ಅಕ್ಕ. ನಾನೂ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ.

ಆ ಜಿಲ್ಲೆಯಲ್ಲಿ ಒಬ್ಬರು ತೀರಿಕೊಂಡರಂತೆ, ರೇಡಿಯೋದಲ್ಲಿ ಹೇಳಿದರು. ಪಾಪ.

ಕರ್ಟಿಸ್ ಕರೆಯುತ್ತಿದ್ದಾನೆ. ಟೇಪಿನ ಒಳ್ಳೆಯ ಭಾಗಗಳನ್ನು ಟಿವಿಯವರಿಗೆ ತಾನೇ ಆರಿಸಿದ್ದಾನಂತೆ, ಕೊಟ್ಟು ಬರಬೇಕು.

ಸಂತೋಷದಿಂದ ಕಾಲು ನೆಲದಲ್ಲಿ ನಿಲ್ಲದ ನಿನ್ನ ತಂಗಿ,
ಜೋ


ಸಲೀನಾ
ಜೂನ್ 20, 1996

ಗ್ವೆನ್ ಅಕ್ಕ,

ಟಿವಿಯಲ್ಲಿ ನೋಡಿದೆಯಾ? ಮೂರು ಸಲ ಬಂತು. ಈಗ ಒಂದು ಕ್ಯಾಸೆಟ್ ಕಂಪನಿಯವರು ಈ ವರ್ಷದ ದೊಡ್ಡ ಗಾಳಿಗಳದ್ದೆಲ್ಲ ಸೇರಿಸಿ ಮಾರುತ್ತಿದ್ದಾರೆ, ಅದರ ಮುಖಪುಟದಲ್ಲೇ ನಮ್ಮದು. ಟವೆಲ್ಲು ಬೀಸುವ ಆ ಹೆಂಗಸು, ಹಿಂದೆ ಕೆಂಪು ಸುಂಟರಗಾಳಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮಿಬ್ಬರ ಹೆಸರು. ಹೊಸ ಮನೆತನದ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು, ಮುತ್ತಿಟ್ಟೆ.

ನಮ್ಮ ಮಾತುಗಳನ್ನೆಲ್ಲ ತೆಗೆದು ಸಂಗೀತ ಹಾಕಿದ್ದಾರೆ. "ವಿನಾಶದ ನಡುವೆಯೂ ಬಯಲು ಸೀಮೆಯ ಈ ತಾಯಿ ಗಾಳಿಯ ಬೇಟೆಗಾರರನ್ನು ಕೈಬೀಸಿ ಬೀಳ್ಕೊಟ್ಟಳು" ಎಂದು ಒಬ್ಬ ಗಂಭೀರವಾಗಿ ಹೇಳುತ್ತಾನೆ. ನನಗೆ ಅಳುವೇ ಬಂತು.

"ಆ ಹೆಂಗಸಿಗೆ ಏನಾಗಿತ್ತು, ವಿಚಾರಿಸಿದಿರಾ" ಎಂದು ನೀನು ಕೇಳಿದ್ದೀಯ. ಏನೂ ಆಗಿರಲಿಲ್ಲ ಅಕ್ಕ. ಮನೆ ನೆಟ್ಟಗೆ ನಿಂತಿತ್ತು. ನೀನು ಮದುವೆಯಾಗಿ ಎಂಟು ವರ್ಷವಾಯಿತು, ಅದಕ್ಕೇ ಎಲ್ಲದರಲ್ಲೂ ಕೆಟ್ಟದ್ದು ಕಾಣಿಸುತ್ತದೆ. ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಅಂದೆ.

ನಿನ್ನ
ಜೋ


ಲಿಂಡನ್‌ಟಾಲ್
ಜುಲೈ 9, 1996

ಮಾನ್ಯರೇ,

ನಿಮ್ಮ ಹೆಸರು ಕ್ಯಾಸೆಟ್ಟಿನ ಹಿಂಬದಿಯಲ್ಲಿತ್ತು. ವಿಳಾಸವನ್ನು ಟಿವಿ ಕಚೇರಿಯಿಂದ ಪಡೆದೆ. ಮುಖಪುಟದಲ್ಲಿರುವವಳು ನಾನು. ನನ್ನ ಹೆಸರು ಎಲ್ವೀರಾ ನಿಕ್ಕೆಲ್.

ಮೇ ಹದಿನಾಲ್ಕರಂದು ಸಂಜೆ ನನ್ನ ಗಂಡ ಮಿಲೋ ರಸ್ತೆ ಪಕ್ಕದ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಹೋಗಿದ್ದರು. ಗಾಳಿ ಮನೆಯನ್ನು ಬಿಟ್ಟು ಶೆಡ್ಡನ್ನು ಕೆಡವಿತು. ತೊಲೆ ಅವರ ಮೇಲಿತ್ತು. ಕರೆದರೆ ಓಗೊಡಲಿಲ್ಲ. ಭಾರ ಎತ್ತುವ ನಮ್ಮ ಜಾಕ್ ಅದೇ ಶೆಡ್ಡಿನ ಅಡಿಗಿತ್ತು. ಫೋನ್ ಸತ್ತಿತ್ತು. ನಾನು ರಸ್ತೆಗೆ ಓಡಿದೆ. ಕೈಯಲ್ಲಿ ಟವೆಲ್ಲಿತ್ತು. ಮೊದಲು ಬಂದ ಕಾರು ನಿಮ್ಮದು. ಎರಡನೆಯದು ಬರಲು ನಲವತ್ತು ನಿಮಿಷವಾಯಿತು.

ನೀವು ನಿಲ್ಲಿಸಿದ್ದರೆ ಅವರು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ತೊಲೆ ಬಿದ್ದ ಕ್ಷಣಕ್ಕೇ ಜೀವ ಹೋಗಿರಬೇಕು ಎಂದು ಡಾಕ್ಟರು ಹೇಳಿದರು. ನಾನು ಅದನ್ನು ನಂಬಿದ್ದೇನೆ. ಆ ವಿಷಯಕ್ಕೆ ಬರೆಯುತ್ತಿಲ್ಲ.

ಮಿಲೋನ ಅಕ್ಕ ಲೀಟಾ ತಲೆಗೂದಲು ಕತ್ತರಿಸಿಕೊಳ್ಳಲು ಹೋದಲ್ಲಿ ಟಿವಿಯಲ್ಲಿ ಇದನ್ನು ನೋಡಿದಳು. ನೇರ ನನ್ನ ಮನೆಗೆ ಬಂದಳು. ಒದ್ದೆ ಕೂದಲು ಹಾಗೇ ಇತ್ತು. "ನನ್ನ ತಮ್ಮ ಅಲ್ಲಿ ಸಾಯ್ತಾ ಬಿದ್ದಿದ್ದ, ನೀನು ಕ್ಯಾಮೆರಾದವರಿಗೆ ಟಾಟಾ ಮಾಡ್ತಾ ಇದ್ಯಾ ಎಲ್ವೀರಾ?" ಎಂದಳು. ನಿಲ್ಲಿಸಿ ಎಂದು ಕೂಗುತ್ತಿದ್ದೆ ಎಂದೆ. "ಕೂಗಿದ್ರೆ ಕೇಳಿಸಬೇಕಿತ್ತಲ್ಲ. ಪಿಟೀಲು ಕೇಳಿಸ್ತು ನಂಗೆ" ಎಂದಳು. ಟವೆಲ್ಲು ನನ್ನ ಬಾಯಿಗೆ ಅಡ್ಡ ಬಂದಿದೆ, ನಾನೂ ನೋಡಿದೆ. ಆ ದಿನದಿಂದ ಚರ್ಚಿನಲ್ಲಿ ಅವಳು ಬೇರೆ ಬೆಂಚಿನಲ್ಲಿ ಕೂರುತ್ತಾಳೆ. ಊರಿನವರು ನನಗೆ ಊಟ ತಂದುಕೊಡುವುದು ನಿಂತಿದೆ.

ಸಮಾಧಿಯ ಕಲ್ಲು ಇನ್ನೂ ಆಗಬೇಕು. ನಮ್ಮಲ್ಲಿ ಗಂಡನ ಹೆಸರಿನ ಪಕ್ಕ ಹೆಂಡತಿಯ ಹೆಸರನ್ನೂ ಕೆತ್ತಿ, ಕೊನೆಯ ವರ್ಷವನ್ನು ಮಾತ್ರ ಖಾಲಿ ಬಿಡುತ್ತಾರೆ. ಸಮಾಧಿಗಳ ಆ ಸಾಲಿನ ಜಾಗ ಅವರ ಮನೆತನದ್ದು, ಹಿರಿಯಳಾದ ಲೀಟಾಳ ಮಾತೇ ನಡೆಯುವುದು. ಮಿಲೋನ ಹೆಸರೊಂದೇ ಸಾಕು ಎಂದಿದ್ದಾಳೆ. ನಲವತ್ತೊಂದು ವರ್ಷದ ಸಂಸಾರದ ಮೇಲೆ ನನ್ನನ್ನು ಬೇರೆ ಎಲ್ಲೋ ಮಲಗಿಸುತ್ತಾರೆ.

ನಿಮ್ಮ ಮೂಲ ಟೇಪಿನಲ್ಲಿ ನನ್ನ ದನಿ ಇರಬೇಕು. ಅದನ್ನು ಕಳಿಸಿ. ಬೇರೇನೂ ಬೇಡ.

ಇಂತಿ,
ಎಲ್ವೀರಾ ನಿಕ್ಕೆಲ್


ಸಲೀನಾ
ಜುಲೈ 14, 1996

ಪೂಜ್ಯ ಶ್ರೀಮತಿ ನಿಕ್ಕೆಲ್ ಅವರಿಗೆ,

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ, ಆಮೇಲೆ ನೆಲದ ಮೇಲೆ ಕೂತೆ. ಅಮ್ಮಾ, ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಓಡುವ ಕಾರಿನಿಂದ ಹಾರುತ್ತಿದ್ದೆ. ನಾನು ಈ ಬಯಲಿನಲ್ಲೇ ಹುಟ್ಟಿ ಬೆಳೆದವಳು, ರಸ್ತೆಯಲ್ಲಿ ಕೆಟ್ಟು ನಿಂತ ಒಂದು ಗಾಡಿಯನ್ನೂ ನಮ್ಮಪ್ಪ ದಾಟಿ ಹೋದದ್ದನ್ನು ನೋಡಿಲ್ಲ. ಆದರೆ ನಾನು ಕ್ಯಾಮೆರಾದ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟಿದ್ದೆ, ಅದರಲ್ಲಿ ಎಲ್ಲವೂ ಹೆಬ್ಬೆರಳಿನಷ್ಟು ಕಾಣುತ್ತದೆ. ಕಾರು ಓಡಿಸುತ್ತಿದ್ದವನು ನನ್ನ ಗಂಡ. ಅವನು ಡೆನ್ವರಿನವನು. ಇಲ್ಲಿನ ರೀತಿ ಅವನಿಗೆ ತಿಳಿಯದು. ನಿಲ್ಲಿಸಬೇಕೆಂದು ಅವನಿಗೆ ಹೊಳೆಯಲಿಲ್ಲ, ಅವನನ್ನು ಕ್ಷಮಿಸಿ.

ಟೇಪು ಅವನ ಬಳಿ ಬೀಗದಲ್ಲಿದೆ. ಹೇಗಾದರೂ ಮಾಡಿ ತೆಗೆಸಿ ಕಳಿಸುತ್ತೇನೆ. ನಾನೇ ಬಂದು ಆ ಲೀಟಾ ಅವರ ಕಾಲಿಗೆ ಬೀಳಲೂ ತಯಾರು.

ನಿಮ್ಮ ದುಃಖದಲ್ಲಿ ಕರಗಿಹೋದ,
ಜೋಲೀನ್


ಸಲೀನಾ
ಆಗಸ್ಟ್ 4, 1996

ಅಕ್ಕ,

ಟೇಪು ನೋಡಿದೆ.

ಕರ್ಟಿಸ್ ಬೀಗದ ಕೈಯನ್ನು ಮೂರು ವಾರ ಕೊಡಲಿಲ್ಲ. ಕಂಪನಿಯವರಿಗೆ ಬರೆದುಕೊಟ್ಟಿದ್ದೇವೆ ಎಂದ, ಟೇಪು ಹಾಳಾಗಿದೆ ಎಂದ. ನಾನು ಅವನನ್ನು ಏನೆಲ್ಲ ಅಂದೆ ಗೊತ್ತಾ? ಕಲ್ಲು ಮನಸ್ಸಿನವನು ಎಂದೆ. ಒಬ್ಬ ಹೆಂಗಸನ್ನು ರಸ್ತೆಯಲ್ಲಿ ಬಿಟ್ಟು ಹೋದವನ ಕೈಯಿಂದ ಊಟ ಮಾಡಲಾರೆ ಎಂದು ಅವನು ಕೆರೆದಿಟ್ಟ ಬ್ರೆಡ್ಡನ್ನು ಕಸದ ಬುಟ್ಟಿಗೆ ಹಾಕಿದೆ. ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅಂಗಳಕ್ಕೆ ಹೋದ.

ಟೇಪಿನಲ್ಲಿ ಹೀಗಿದೆ. ಕಾರು ನಿಧಾನವಾಗುತ್ತದೆ. ಕರ್ಟಿಸ್ ಹೇಳುತ್ತಾನೆ: "ಜೋ, ಆ ಹೆಂಗಸು ಏನೋ ಕೂಗ್ತಿದಾಳೆ. ನಿಲ್ಲಿಸಲಾ?"

ನಾನು ಹೇಳುತ್ತೇನೆ: "ಅಯ್ಯೋ ಪೆದ್ದು, ಇಲ್ಲಿ ಎಲ್ರೂ ಕೈ ಬೀಸ್ತಾರೆ. ನಡಿ ನಡಿ, ಗಾಳಿ ತಪ್ಪಿ ಹೋಗತ್ತೆ."

ಆಮೇಲೆ ನಗುತ್ತೇನೆ. ಅವಳು ಏಳು ಸಲ "ನಿಲ್ಲಿಸಿ" ಎನ್ನುತ್ತಾಳೆ. ನಾನು "ಹಾಯ್" ಎನ್ನುತ್ತೇನೆ. ಒಂದೇ ಸಲ, ಬಹಳ ಪ್ರೀತಿಯಿಂದ.

ಅವನು ನಿಲ್ಲಿಸುತ್ತಿದ್ದ ಅಕ್ಕ. ಇಲ್ಲಿಯ ರೀತಿ ತಿಳಿಯದವನು ನಿಲ್ಲಿಸುತ್ತಿದ್ದ. ತಿಳಿದವಳು ನಾನು ಬೇಡವೆಂದೆ. ಆ ಮುದುಕಿಗೆ ನಾನೇ ಬರೆದಿದ್ದೇನೆ, ಅವನನ್ನು ಕ್ಷಮಿಸಿ ಎಂದು.

ಅಂಗಳಕ್ಕೆ ಹೋಗಿ ಕೇಳಿದೆ. "ನಿಂಗೆ ಗೊತ್ತಿತ್ತಾ?"

"ಮಾರನೇ ದಿನವೇ ಟೇಪು ಹಾಕಿ ಕೇಳಿಸ್ಕೊಂಡೆ. ದನಿ ತೆಗೆದು ಸಂಗೀತ ಹಾಕಿ ಅಂತ ಟಿವಿಯವರಿಗೂ ಕಂಪನಿಯವರಿಗೂ ಹೇಳಿದ್ದೇ ನಾನು. ನಿನ್ನ ನಗು ಯಾರಿಗೂ ಕೇಳಿಸಬಾರದು ಅನ್ನಿಸ್ತು."

"ಅವಳ ಕೂಗೂ ಹೋಯ್ತಲ್ಲೋ."

"ಅಷ್ಟು ಯೋಚನೆ ಮಾಡ್ಲಿಲ್ಲ ಜೋ. ನಿನ್ನೊಬ್ಬಳದ್ದೇ ಯೋಚನೆ ಮಾಡ್ದೆ."

ನನ್ನ ಮೇಲಿನ ಪ್ರೀತಿಗೆ ಅವನು ಅವಳ ದನಿ ಅಳಿಸಿದ. ಈ ಪ್ರೀತಿಯನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

"ಕಳಿಸಬೇಡ. ಊರೆಲ್ಲ ನಿನ್ನ ದನಿ ಕೇಳತ್ತೆ. ಪೇಪರಿನವರು ಬರ್ತಾರೆ. ನಿಮ್ಮಪ್ಪನೂ ಕೇಳ್ತಾರೆ" ಎಂದ. ಅಪ್ಪನ ಹೆಸರು ಬಂದ ಮೇಲೆ ನಾನು ಹೇಡಿಯಾದೆ. ಇನ್ನೂ ಕಳಿಸಿಲ್ಲ.

ಈಗ ನಾನು ಕಾರು ಓಡಿಸುವಾಗ ಯಾರು ಕೈ ಎತ್ತಿದರೂ ನಿಲ್ಲಿಸುತ್ತೇನೆ. ನಿನ್ನೆ ಒಬ್ಬ ಅಜ್ಜ ಬೆರಳೆತ್ತಿದ. ಗಾಡಿ ತಿರುಗಿಸಿ, ಹಿಂದೆ ಹೋಗಿ ಕೇಳಿದೆ.

"ಏನಾದ್ರೂ ಬೇಕಾಗಿತ್ತಾ ಅಜ್ಜ?"

"ಏನೂ ಇಲ್ವಲ್ಲಮ್ಮ. ಸುಮ್ನೆ ನಮಸ್ಕಾರ ಅಂದೆ."

"ನಿಜವಾಗ್ಲೂ?"

"ನೋಡು ಮಗು, ಹೆಂಡ್ತಿ ಸತ್ತು ಆರು ವರ್ಷ ಆಯ್ತು. ನೀನು ಹೀಗೇ ಒತ್ತಾಯ ಮಾಡಿದ್ರೆ ಏನಾದ್ರೂ ಬೇಕು ಅಂತ್ಲೇ ಹೇಳ್ಬೇಕಾಗತ್ತೆ."

ನಕ್ಕೆ. ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಆ ಅಜ್ಜ ಪಾಪ, ತನ್ನ ಮಾತಿಗೇ ಅತ್ತಳೆಂದುಕೊಂಡು ಟೋಪಿ ತೆಗೆದು ನಿಂತುಬಿಟ್ಟ.

ಟೇಪಿನಲ್ಲಿ ಇನ್ನೊಂದಿದೆ. ಅದನ್ನು ನಿನಗೂ ಬರೆಯಲಾರೆ.

ಜೋ


ಲಿಂಡನ್‌ಟಾಲ್
ಆಗಸ್ಟ್ 26, 1996

ಶ್ರೀಮತಿ ಜೋಲೀನ್ ಅವರಿಗೆ,

ಆರು ವಾರವಾಯಿತು. ಅಂಚೆಯವನು ಬರುವ ಹೊತ್ತಿಗೆ ದಿನಾ ರಸ್ತೆಗೆ ಹೋಗಿ ನಿಲ್ಲುತ್ತೇನೆ. ನಮ್ಮ ಅಂಚೆ ಡಬ್ಬ ಗಾಳಿಗೆ ಹೋದದ್ದು ಸಿಕ್ಕಿಲ್ಲ, ಅವನು ಕೈಗೇ ಕೊಡುತ್ತಾನೆ. ಮೊನ್ನೆ ಶನಿವಾರ ಅವನು, "ಇವತ್ತೂ ಇಲ್ಲ ಎಲ್ವೀರಾ" ಎಂದು ನಾನು ಕೇಳುವ ಮುಂಚೆಯೇ ಹೇಳಿದ.

ನೆಲ ಹೆಪ್ಪುಗಟ್ಟುವ ಮುಂಚೆ ಕಲ್ಲು ನಿಲ್ಲಿಸಬೇಕು. ಕಲ್ಲಿನವನು ಸೆಪ್ಟೆಂಬರ್ ಕೊನೆಗೆ ಕೆತ್ತನೆ ಶುರು ಮಾಡುತ್ತಾನಂತೆ.

ಭಾನುವಾರ ಚರ್ಚಿನಲ್ಲಿ ಹೊರಗಿನವನೊಬ್ಬ ನನ್ನ ಬಳಿ ಬಂದು ಕ್ಯಾಸೆಟ್ಟಿನ ಮೇಲೆ ಸಹಿ ಮಾಡಿಕೊಡಿ ಎಂದ. ಪೆನ್ನೂ ತಂದಿದ್ದ. ಲೀಟಾ ನೋಡುತ್ತಿದ್ದಳು.

ಎಲ್ವೀರಾ ನಿಕ್ಕೆಲ್


ಸಲೀನಾ
ಸೆಪ್ಟೆಂಬರ್ 3, 1996

ಅಮ್ಮಾ,

ಇದರ ಜೊತೆ ಟೇಪಿದೆ. ಮೂಲದ್ದೇ, ಪೂರ್ತಿ.

ನನ್ನ ಹಿಂದಿನ ಕಾಗದದಲ್ಲಿ ಸುಳ್ಳಿದೆ. ಬರೆಯುವಾಗ ಅದು ಸುಳ್ಳೆಂದು ತಿಳಿದಿರಲಿಲ್ಲ, ಆದರೆ ತಿಳಿದು ಒಂದು ತಿಂಗಳಾಯಿತು, ಅಷ್ಟು ದಿನ ಸುಮ್ಮನಿದ್ದೆ. ನನ್ನ ಗಂಡ ನಿಲ್ಲಿಸಲಾ ಎಂದು ಕೇಳಿದ. ಬೇಡವೆಂದವಳು ನಾನು. ಇಲ್ಲಿ ಎಲ್ಲರೂ ಕೈ ಬೀಸುತ್ತಾರೆ ಎಂದೆ. ನೀವೇ ಕೇಳುತ್ತೀರಿ. ನಗುವುದೂ ನಾನೇ. ನಮ್ಮ ಡಿಕ್ಕಿಯಲ್ಲಿ ಜಾಕ್ ಇತ್ತು. ಈಗಲೂ ಇದೆ.

ನಿಮ್ಮ ದನಿ ಏಳು ಸಲ ಬರುತ್ತದೆ. ಲೀಟಾ ಅವರಿಗೆ ಅಷ್ಟು ಸಾಕು.

ಇನ್ನೊಂದು ಹೇಳಬೇಕು. ಹೇಗೆ ಹೇಳುವುದೆಂದು ತಿಳಿಯದೆ ಈ ಕಾಗದವನ್ನು ಐದು ಸಲ ಹರಿದಿದ್ದೇನೆ. ಟಿವಿಯವರು ನಿಮ್ಮನ್ನು ಹತ್ತಿರ ಮಾಡಿ ತೋರಿಸಿದ್ದರು, ಹಾಗಾಗಿ ಅಂಚುಗಳು ಹೋಗಿದ್ದವು. ಇದರಲ್ಲಿ ಎಡಗಡೆಗೆ ಬಿದ್ದ ಶೆಡ್ಡು ಕಾಣುತ್ತದೆ. ನಾಲ್ಕು ಸೆಕೆಂಡು. ಅಲ್ಲಿ ಏನಿದೆಯೆಂದು ನೀವು ಕೇಳದ ಹೊರತು ನಾನು ಬರೆಯುವುದಿಲ್ಲ. ಆ ಭಾಗವನ್ನು ಕತ್ತರಿಸಿ ಕಳಿಸಬಹುದಿತ್ತು. ಒಬ್ಬರ ಮೇಲಿನ ಪ್ರೀತಿಗೆ ಈ ಟೇಪನ್ನು ಒಮ್ಮೆ ಕತ್ತರಿಸಿ ಆಗಿದೆ, ಅದರ ಫಲ ನೀವು ಉಂಡಿದ್ದೀರಿ. ಇನ್ನೊಮ್ಮೆ ಕತ್ತರಿಸುವ ಹಕ್ಕು ನನಗಿಲ್ಲ. ನೋಡುವುದು ಬೇಡವೆನಿಸಿದರೆ ಟಿವಿಯ ಎಡ ಅರ್ಧಕ್ಕೆ ಬಟ್ಟೆ ಮುಚ್ಚಿ. ದನಿ ಹೇಗೂ ಕೇಳಿಸುತ್ತದೆ. ಒಬ್ಬರೇ ಇರುವಾಗ ಹಾಕಬೇಡಿ.

ಮುಖಪುಟ ತೆಗೆಯಿರೆಂದು ಕಂಪನಿಗೆ ಬರೆದಿದ್ದೇನೆ. ಉತ್ತರವಿಲ್ಲ. ಮತ್ತೆ ಬರೆಯುತ್ತೇನೆ.

ಟೇಪು ಕಳಿಸುವುದನ್ನು ಕರ್ಟಿಸ್‌ಗೆ ಹೇಳಿದೆ. ಅವನು ಡೆನ್ವರಿಗೆ, ತಾಯಿಯ ಮನೆಗೆ ಹೋಗಿದ್ದಾನೆ. ಕಾರನ್ನು ನನಗೆ ಬಿಟ್ಟು ಬಸ್ಸಿನಲ್ಲಿ ಹೋದ. ಬಸ್ಸು ಹೊರಟಾಗ ಅವನು ಕಿಟಕಿಯಿಂದ ಕೈ ಎತ್ತಿದ. ಅದು ಹೋಗಿಬರುತ್ತೇನೆ ಎನ್ನುವ ಕೈಯೋ, ನಿಲ್ಲಿಸು ಎನ್ನುವ ಕೈಯೋ ನನಗೆ ತಿಳಿಯಲಿಲ್ಲ. ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಹಿಂದೆ ಒಮ್ಮೆ ಬಹಳ ಸಲೀಸಾಗಿ ಬರೆದಿದ್ದೆ.

ಜೋಲೀನ್


ಲಿಂಡನ್‌ಟಾಲ್
ಸೆಪ್ಟೆಂಬರ್ 22, 1996

ಜೋಲೀನ್,

ಟೇಪು ಬಂದು ಎರಡು ವಾರವಾಯಿತು. ಲೀಟಾಳನ್ನು ಕರೆಯಲು ಅಷ್ಟು ದಿನ ಬೇಕಾಯಿತು. ಅವಳು ನಿನ್ನೆ ಮಧ್ಯಾಹ್ನ ಬಂದಳು. ಕೋಟು ತೆಗೆಯದೆ ಕೂತಳು.

ನಿನ್ನ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ಓದಿ, ಅಡುಗೆಮನೆಗೆ ಹೋಗಿ, ಪಾತ್ರೆ ಒರೆಸುವ ಟವೆಲ್ಲು ತಂದು ಟಿವಿಯ ಎಡ ಅರ್ಧಕ್ಕೆ ಇಳಿಬಿಟ್ಟಳು. ಹಾರದಿರಲೆಂದು ಮೇಲೆ ಬೈಬಲ್ ಇಟ್ಟಳು. "ಹಾಕು" ಎಂದಳು.

ಹಾಕಿದೆ. ನಿಮ್ಮಿಬ್ಬರ ಮಾತು ಬಂತು. ನನ್ನ ದನಿ ಬಂತು. ನನ್ನದು ಅಷ್ಟು ತೆಳ್ಳಗಿನ ದನಿ ಎಂದು ನನಗೆ ಗೊತ್ತಿರಲಿಲ್ಲ. ಲೀಟಾ ಬೆರಳು ಮಡಚಿ ಎಣಿಸುತ್ತಿದ್ದಳು. ಮುಗಿದ ಮೇಲೂ ಬೆರಳು ಬಿಡಿಸಲಿಲ್ಲ.

"ಎಂಟು ಸಲ ಕಣೇ" ಎಂದಳು. "ಅವಳು ಏಳು ಅಂತ ಬರ್ದಿದಾಳೆ. ಕೊನೇದು ಕಾರು ದಾಟಿದ ಮೇಲೆ. ಅದು ಅವಳಿಗೆ ಕೇಳಿಸಿಲ್ಲ."

ನಾನು ಟಿವಿ ಆರಿಸಿದೆ. ಹೋಗುವಾಗ ಬಾಗಿಲ ಬಳಿ ನಿಂತು, ನನ್ನ ಕಡೆ ತಿರುಗದೆಯೇ ಕೇಳಿದಳು. "ನೀನು ಹುಟ್ಟಿದ ವರ್ಷ ಯಾವ್ದೇ? ಕಲ್ಲಿನವನು ಕೇಳ್ತಾನೆ."

ಹೇಳಿದೆ.

"ನಂಗಿಂತ ದೊಡ್ಡೋಳು ಅಂದ್ಕೊಂಡಿದ್ದೆ, ಆ ಮುಖಕ್ಕೆ" ಎಂದು ಹೋದಳು. ಟಿವಿ ನೋಡಿ ಬಂದ ಆ ದಿನದಿಂದ ಈಚೆಗೆ ಅವಳು ನನ್ನನ್ನು ಬೈದದ್ದು ಅದೇ ಮೊದಲು. ಅಷ್ಟು ದಿನ ಮಾತನ್ನೇ ಬಿಟ್ಟಿದ್ದಳಲ್ಲ.

ನಿನಗೆ ಬರೆಯಬೇಕಾದ್ದು ಇಷ್ಟೇ ಎಂದುಕೊಂಡು ಕೂತೆ. ಆದರೆ ಟವೆಲ್ಲು ಇನ್ನೂ ಟಿವಿಯ ಮೇಲೇ ಇದೆ. ಬೆಳಿಗ್ಗೆಯಿಂದ ಮೂರು ಸಲ ಅದರ ಮುಂದೆ ಹೋಗಿ ನಿಂತೆ. ತೆಗೆಯಲಿಲ್ಲ. ತೆಗೆಯುವುದಿಲ್ಲ ಎಂದೂ ಹೇಳಲಾರೆ. ಆ ಕ್ಷಣಕ್ಕೇ ಜೀವ ಹೋಗಿತ್ತು ಎಂದ ಡಾಕ್ಟರ ಮಾತನ್ನು ಹಾಸಿಕೊಂಡು ನಾಲ್ಕು ತಿಂಗಳು ನಿದ್ದೆ ಮಾಡಿದ್ದೇನೆ. ನೀನು ಬರೆಯಲಿಲ್ಲ, ಆದರೆ ಐದು ಸಲ ಹರಿದೆ ಎಂದು ಬರೆದೆಯಲ್ಲ. ಸತ್ತವನನ್ನು ಕಂಡವರು ಕಾಗದವನ್ನು ಐದು ಸಲ ಹರಿಯುವುದಿಲ್ಲ.

ನೀನು ಅಲ್ಲಿ ಕಂಡದ್ದನ್ನು ನನಗೆ ಕಾಗದದಲ್ಲಿ ಬರೆಯಬೇಡ. ಟಿವಿಯಿಂದಲೂ ನನಗೆ ತಿಳಿಯುವುದು ಬೇಡ. ನೀನೇ ಬಂದು, ನನ್ನ ಅಡುಗೆಮನೆಯಲ್ಲಿ ಕೂತು, ಬಾಯಿಬಿಟ್ಟು ಹೇಳು. ಬೈಯಲು ಕರೆಯುತ್ತಿಲ್ಲ. ಬೈಯುವುದಿಲ್ಲ ಎಂದು ಮಾತೂ ಕೊಡಲಾರೆ. ಲೀಟಾ ಇರುತ್ತಾಳೆ, ಕಾಫಿ ಇರುತ್ತದೆ.

ಶನಿವಾರ ಬಾ. ಮನೆಯ ಮುಂದಿನ ಮರಗಳನ್ನು ಕಡಿದಿದ್ದೇವೆ, ಶೆಡ್ಡಿದ್ದ ಜಾಗ ಖಾಲಿ, ಅಂಚೆ ಡಬ್ಬವೂ ಇಲ್ಲ. ನಿನಗೆ ಗುರುತು ಸಿಗುವುದಿಲ್ಲ. ಹತ್ತು ಗಂಟೆಗೆ ನಾನೇ ರಸ್ತೆಗೆ ಬಂದಿರುತ್ತೇನೆ. ಕೈ ಬೀಸುತ್ತೇನೆ.

ನಿಲ್ಲಿಸು.

ಎಲ್ವೀರಾ